ಹೊಸ ಲೇಸರ್ ಹಾಕುವ ಮೊದಲು ಹಳೆಯದನ್ನು ಸುಟ್ಟಿದ್ದು ಯಾವುದು ಅಂತ ಹುಡುಕಿ

ಪ್ಲೇಸ್ಟೇಷನ್ 2 ಸ್ಲಿಮ್ ಅನ್ನುವ ಗೇಮ್ ಕನ್ಸೋಲ್ ಒಂದಕ್ಕೆ ನಾನು ಹಾಕಿದ ಮೊದಲ ಹೊಸ ಪಿಕಪ್ (ಡಿಸ್ಕ್ ಓದುವ ಲೇಸರ್ ಜೋಡಣೆ) ಹತ್ತು ಸೆಕೆಂಡೂ ಬದುಕಲಿಲ್ಲ. ಕನ್ಸೋಲ್ ಡಿಸ್ಕ್ ಓದುತ್ತಿರಲಿಲ್ಲ. ಲೇಸರ್ ಸವೆದಿರಬೇಕು ಅಂದುಕೊಂಡೆ. ಹೊಸದು ತರಿಸಿದೆ, ಕೂರಿಸಿದೆ, ಪವರ್ ಬಟನ್ ಒತ್ತಿದೆ. ಲೆನ್ಸ್ ಸರಕ್ಕನೆ ಮೇಲೆದ್ದು ಅಲ್ಲೇ ನಿಂತಿತು, ಕೆಳಗಿಳಿಯಲೇ ಇಲ್ಲ. ಹಿಂದೆಯೇ ವಾರ್ನಿಷ್ ಸುಟ್ಟ ವಾಸನೆ. ಪ್ಲಗ್ ಕೀಳುವಷ್ಟರಲ್ಲಿ ಕಥೆ ಮುಗಿದಿತ್ತು. ಕಸದ ಬುಟ್ಟಿಗೆ ಹಾಕಿದ್ದ ಹಳೆಯ ಪಿಕಪ್ಪನ್ನು ಎತ್ತಿ ನೋಡಿದರೆ ಅದರ ಕಾಯಿಲೂ (ಲೆನ್ಸ್ ಆಡಿಸುವ ತಾಮ್ರದ ಸುರುಳಿ) ಕಂದು ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದ ದಿನವೇ ಒಂದು ನಿಮಿಷ ಬೆಳಕಿಗೆ ಹಿಡಿದು ನೋಡಿದ್ದರೆ ಸಾಕಿತ್ತು.

ಈಗ ಡಿಸ್ಕ್ ಓದದ ಕನ್ಸೋಲ್ ಕೈಗೆ ಬಂದರೆ "ಲೇಸರ್ ಹೋಗಿದೆಯಾ?" ಅಂತ ಕೇಳಿ ಸುಮ್ಮನಾಗುವುದಿಲ್ಲ. ಯಾವ ಭಾಗ ಹೋಗಿದೆ, ಅದನ್ನು ಸುಟ್ಟ ಕರೆಂಟ್ ಎಲ್ಲಿಂದ ಬಂತು, ಇವೆರಡಕ್ಕೆ ಉತ್ತರ ಸಿಗುವ ತನಕ ಹೊಸ ಪಿಕಪ್ಪಿನ ಚೀಲ ಬಿಚ್ಚುವುದಿಲ್ಲ.

ಒಂದೇ ಪಿಕಪ್, ಎರಡು ಬೇರೆ ಸರ್ಕ್ಯೂಟ್

ನಾವು ಒಟ್ಟಾಗಿ ಲೇಸರ್ ಅಂತ ಕರೆಯುವ ಆ ಚಿಕ್ಕ ಜೋಡಣೆಯ ನಿಜವಾದ ಹೆಸರು ಪಿಕಪ್. ಅದರೊಳಗೆ ಕರೆಂಟಿಗೆ ಬಲಿಯಾಗುವ ವಸ್ತುಗಳು ಎರಡು.

ಮೊದಲನೆಯದು ಲೇಸರ್ ಡಯೋಡ್. ಬೆಳಕು ಕೊಡುವುದು ಇದು. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೋಮೀಟರ್ ಬೆಳಕು ಬೇಕು. ಡಯೋಡಿನ ಪಕ್ಕದಲ್ಲೇ ಒಂದು ಫೋಟೋಡಯೋಡ್ ಕೂತು, ಎಷ್ಟು ಬೆಳಕು ಬರುತ್ತಿದೆ ಎಂದು ಅಳೆದು ವರದಿ ಕಳಿಸುತ್ತಿರುತ್ತದೆ. ಆ ವರದಿ ನೋಡಿ ಸರ್ಕ್ಯೂಟ್ ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತದೆ. ಈ ವರದಿಯ ತಂತಿ ಕಡಿದರೆ ಏನಾಗುತ್ತದೆ ಯೋಚಿಸಿ. ಬೆಳಕೇ ಬರುತ್ತಿಲ್ಲ ಅಂದುಕೊಂಡು ಸರ್ಕ್ಯೂಟ್ ಕರೆಂಟ್ ಏರಿಸುತ್ತಾ ಹೋಗುತ್ತದೆ. ಅದಕ್ಕೊಂದು ಮಿತಿ ಇಲ್ಲದಿದ್ದರೆ ಡಯೋಡ್ ಉಳಿಯುವುದಿಲ್ಲ.

ಎರಡನೆಯದು ಕಾಯಿಲ್. ಲೆನ್ಸನ್ನು ಮೇಲೆ ಕೆಳಗೆ ಆಡಿಸಲು ಫೋಕಸ್ ಕಾಯಿಲ್, ಪಕ್ಕಕ್ಕೆ ಆಡಿಸಲು ಟ್ರ್ಯಾಕಿಂಗ್ ಕಾಯಿಲ್. ಕೂದಲಿನಷ್ಟು ತೆಳು ತಾಮ್ರದ ಸುರುಳಿಗಳು, ರೋಧ ಕೆಲವೇ ಓಮ್. ಡಿವಿಡಿಯ ಸಾಲುಗಳ ನಡುವಿನ ಅಂತರ 0.74 ಮೈಕ್ರೋಮೀಟರ್. ಅಷ್ಟು ಸಣ್ಣ ಹಾದಿ ತಪ್ಪದಂತೆ ಲೆನ್ಸನ್ನು ಪ್ರತಿ ಕ್ಷಣ ಅಲ್ಲಾಡಿಸುತ್ತಿರುವುದು ಈ ಸುರುಳಿಗಳೇ. ಇವಕ್ಕೆ ಕರೆಂಟ್ ಕೊಡುವುದು ಬೋರ್ಡಿನ ಮೇಲಿರುವ ಡ್ರೈವರ್ ಐಸಿ ಅನ್ನುವ ಚಿಪ್.

ಡಯೋಡ್ ಸಾಯುವುದು ಹೆಚ್ಚಾಗಿ ನಮ್ಮ ಕೈಯಿಂದ. ಕಾಯಿಲ್ ಸಾಯುವುದು ಹೆಚ್ಚಾಗಿ ಡ್ರೈವರ್ ಐಸಿಯಿಂದ. ಇಷ್ಟು ಗೊತ್ತಿದ್ದರೆ ಅರ್ಧ ಪತ್ತೆ ಮುಗಿದಂತೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಮೊದಲು ಬೇರೆ ಬೇರೆ ಬಗೆಯ ಡಿಸ್ಕ್ ಹಾಕಿ ನೋಡಿ. ಪ್ಲೇಸ್ಟೇಷನ್ 2 ಸಿಡಿಯನ್ನೂ ಓದುತ್ತದೆ, ಡಿವಿಡಿಯನ್ನೂ ಓದುತ್ತದೆ. ಅಡಿಭಾಗ ನೀಲಿಯಾಗಿರುವ ಗೇಮ್ ಡಿಸ್ಕ್ ಸಿಡಿ, ಬೆಳ್ಳಿ ಬಣ್ಣದ್ದು ಡಿವಿಡಿ. ಒಂದು ಬಗೆಯದು ಸಲೀಸಾಗಿ ಓಡಿ ಇನ್ನೊಂದು ಬಗೆಯದು ಒಂದೂ ಓಡದಿದ್ದರೆ ಸಮಾಧಾನ ಪಡಿ. ಕಾಯಿಲ್, ಮೋಟಾರ್, ಡ್ರೈವರ್ ಐಸಿ ಎಲ್ಲ ಚೆನ್ನಾಗಿವೆ ಅಂತಲೇ ಅರ್ಥ. ಹೋಗಿರುವುದು ಅಥವಾ ಸೊರಗಿರುವುದು ಆ ಒಂದು ಬೆಳಕಿನ ಡಯೋಡ್. ಪ್ಲೇಸ್ಟೇಷನ್ 3ರಲ್ಲೂ ಹೀಗೇ: ಡಿವಿಡಿ ಓಡಿ ಬ್ಲೂ-ರೇ ಓಡದಿದ್ದರೆ 405ರ ಕಡೆ ನೋಡಿ. ಆದರೆ ಪ್ಲೇಸ್ಟೇಷನ್ 4ಕ್ಕೆ ಹಾಡಿನ ಸಿಡಿ ಹಾಕಿ "ಸಿಡಿ ಲೇಸರ್ ಹೋಗಿದೆ" ಎಂದು ತೀರ್ಮಾನಿಸಬೇಡಿ. ಆ ಕನ್ಸೋಲ್ ಸಿಡಿ ಓದುವುದೇ ಇಲ್ಲ.

ಎಲ್ಲ ಡಿಸ್ಕೂ ತಡವರಿಸಿ ಓಡುತ್ತಿದ್ದರೆ ಕರೆಂಟಿನ ಮಾತು ಬಿಡಿ, ಲೆನ್ಸ್ ಒರೆಸಿ ನೋಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ಮಾಡಿದ ಹತ್ತಿ ಕಡ್ಡಿ ಸಾಕು.

ಆಮೇಲೆ ಅಡಾಪ್ಟರ್. ಹೊರಗಿನ ಅಡಾಪ್ಟರ್ ಇರುವ ಕನ್ಸೋಲ್ ಆದರೆ ಅದರ ಮೇಲಿನ ಚೀಟಿ ಓದಿ. ಪ್ಲೇಸ್ಟೇಷನ್ 2 ಸ್ಲಿಮ್‌ಗೆ ಬೇಕಾದದ್ದು 8.5 ವೋಲ್ಟ್. 2000ದಲ್ಲಿ ಬಂದ ಪುಟ್ಟ ಪಿಎಸ್ ಒನ್‌ಗೆ 7.5 ವೋಲ್ಟ್. ನಿಂಟೆಂಡೊದ ಗೇಮ್‌ಕ್ಯೂಬ್ ಮತ್ತು ವೀ ಎರಡಕ್ಕೂ 12 ವೋಲ್ಟ್. ಪಿನ್ ಹೊಂದಿಕೊಂಡಿತು ಅಂತ ಇನ್ಯಾವುದೋ ಸಾಧನದ 12 ವೋಲ್ಟ್ ಅಡಾಪ್ಟರನ್ನು ಸ್ಲಿಮ್‌ಗೆ ಚುಚ್ಚಿದವರಿದ್ದಾರೆ. ಫ್ಯೂಸ್ ಹಾರಿ ಕನ್ಸೋಲ್ ಉಳಿದುಕೊಂಡರೆ ಅದು ಅದೃಷ್ಟ. "ಇದಕ್ಕೆ ಯಾವತ್ತಾದರೂ ಬೇರೆ ಅಡಾಪ್ಟರ್ ಹಾಕಿದ್ದಿರಾ? ಒಳಗೆ ಮಾಡ್‌ಚಿಪ್ (ನಕಲಿ ಅಥವಾ ಬೇರೆ ದೇಶದ ಡಿಸ್ಕ್ ಓಡಿಸಲು ಸೇರಿಸುವ ಚಿಪ್) ಇದೆಯಾ? ಯಾರಾದರೂ ಮೊದಲೇ ಬಿಚ್ಚಿದ್ದಾರಾ?" ಈ ಮೂರು ಪ್ರಶ್ನೆಗೆ ಮಾಲೀಕರು ಕೊಡುವ ಉತ್ತರ ಎಷ್ಟೋ ಸಲ ಮೀಟರ್ ಹೇಳುವುದಕ್ಕಿಂತ ಜಾಸ್ತಿ ಹೇಳುತ್ತದೆ. ಮೂರನೆಯದಕ್ಕೆ "ಇಲ್ಲ" ಅಂದರೂ ಸ್ಕ್ರೂಗಳ ತಲೆ ನೋಡಿಕೊಳ್ಳಿ.

ಗೋಡೆಯ ಕರೆಂಟ್ ಏರುಪೇರಾಗಿ ನೇರವಾಗಿ ಲೇಸರ್ ಹೋಯಿತು ಅನ್ನುವವರು ಬಹಳ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಅಂಥ ಹೊಡೆತ ಮೊದಲು ಪವರ್ ಸಪ್ಲೈಯನ್ನು ತೆಗೆಯುತ್ತದೆ, ಕನ್ಸೋಲ್ ಆನ್ ಆಗುವುದೇ ಇಲ್ಲ. ಕನ್ಸೋಲ್ ಚೆನ್ನಾಗಿ ಆನ್ ಆಗಿ, ಮೆನು ಬಂದು, ಡಿಸ್ಕ್ ಮಾತ್ರ ಓದದಿದ್ದರೆ ಆರೋಪಿಯನ್ನು ಒಳಗೇ ಹುಡುಕಿ.

ಲೆನ್ಸ್ ಏನು ಮಾಡುತ್ತದೆ ನೋಡಿ

ಮೇಲಿನಿಂದ ಮುಚ್ಚಳ ತೆರೆಯುವ ಕನ್ಸೋಲ್‌ಗಳಲ್ಲಿ ಈ ಪರೀಕ್ಷೆ ಸುಲಭ. ಮುಚ್ಚಳ ಮುಚ್ಚಿದೆ ಎಂದು ತಿಳಿಸುವ ಸ್ವಿಚ್ಚನ್ನು ಒತ್ತಿ ಹಿಡಿದು ಪವರ್ ಕೊಟ್ಟರೆ ಪಿಕಪ್ ಕೆಲಸ ಶುರು ಮಾಡುತ್ತದೆ. ಆ ಸ್ವಿಚ್ ಇರುವುದೇ ನಿಮ್ಮ ಕಣ್ಣು ಕಾಯಲು. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಕಾವಲುಗಾರ ಇಲ್ಲ ಅಂತ ನೆನಪಿಟ್ಟುಕೊಳ್ಳಿ. ಲೆನ್ಸಿನ ನೇರಕ್ಕೆ ಮುಖ ಒಡ್ಡಬೇಡಿ. ಕನಿಷ್ಠ 30 ಸೆಂಟಿಮೀಟರ್ ದೂರದಿಂದ, ಓರೆಯಾಗಿ ನೋಡಿ. ಫೋನ್ ಕ್ಯಾಮೆರಾ ಇಟ್ಟು ಪರದೆಯ ಮೇಲೆ ನೋಡಿದರೆ ಇನ್ನೂ ಒಳ್ಳೆಯದು. 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಮಂಕಾದ ಕೆಂಪು ಚುಕ್ಕೆಯಷ್ಟೇ ಕಾಣುತ್ತದೆ. ಮಂಕಾಗಿ ಕಂಡಿತು ಅಂತ ಹತ್ತಿರ ಹೋಗಬೇಡಿ. ಕಾಣುವುದು ಕಡಿಮೆ, ಬರುತ್ತಿರುವುದು ಜಾಸ್ತಿ.

ಆರೋಗ್ಯವಾಗಿರುವ ಪಿಕಪ್ ಮೊದಲು ಒಳತುದಿಗೆ ಸರಿಯುತ್ತದೆ. ಬೆಳಕು ಹೊತ್ತುತ್ತದೆ. ಲೆನ್ಸ್ ಎರಡು ಮೂರು ಸಲ ನಿಧಾನವಾಗಿ ಮೇಲೆ ಕೆಳಗೆ ಆಡುತ್ತದೆ, ಉಸಿರಾಡಿದ ಹಾಗೆ. ಡಿಸ್ಕ್ ಇಲ್ಲದ್ದರಿಂದ ಬೆಳಕು ವಾಪಸ್ ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ಎಲ್ಲ ನಿಲ್ಲುತ್ತದೆ.

ಲೆನ್ಸ್ ಆಡುತ್ತಿದೆ, ಬೆಳಕಿಲ್ಲ: ಕಾಯಿಲ್ ಮತ್ತು ಡ್ರೈವರ್ ಸರಿ ಇವೆ. ಡಯೋಡ್ ಸತ್ತಿದೆ, ಅಥವಾ ಅದಕ್ಕೆ ಕರೆಂಟ್ ತಲುಪುತ್ತಿಲ್ಲ. ಇತ್ತೀಚೆಗಷ್ಟೇ ಪಿಕಪ್ ಬದಲಾಯಿಸಿದ್ದರೆ ಬೇರೇನೂ ಯೋಚಿಸದೆ ಸೋಲ್ಡರ್ ಬೊಟ್ಟು ಉಳಿದಿದೆಯಾ ನೋಡಿ. ಅದರ ಮಾತು ಮುಂದೆ ಬರುತ್ತದೆ.

ಬೆಳಕಿದೆ, ಲೆನ್ಸೂ ಆಡುತ್ತಿದೆ, ಆದರೂ ಡಿಸ್ಕ್ ಗುರುತಿಸುವುದಿಲ್ಲ: ಇದು ಮೋಸಗಾರ ಸ್ಥಿತಿ. ಸ್ಟ್ಯಾಟಿಕ್, ಅಂದರೆ ಮೈಮೇಲೆ ಕೂಡಿಕೊಳ್ಳುವ ಸ್ಥಿರ ವಿದ್ಯುತ್ತಿನ ಹೊಡೆತ ತಿಂದ ಡಯೋಡ್ ಪೂರ್ತಿ ಕತ್ತಲಾಗಬೇಕಿಲ್ಲ. ಲೇಸರ್ ಗುಣ ಕಳೆದುಕೊಂಡು ಮಾಮೂಲಿ ಎಲ್‌ಇಡಿ ಥರ ಮಿನುಗುತ್ತಾ ಇರಬಹುದು. ಕಣ್ಣಿಗೆ ಕೆಂಪು ಕಾಣುತ್ತದೆ, ಆದರೆ ಡಿಸ್ಕ್ ಓದುವ ಶಕ್ತಿ ಇರುವುದಿಲ್ಲ. "ಬೆಳಕು ಬರ್ತಾ ಇದೆ, ಹಾಗಾದರೆ ಲೇಸರ್ ಸರಿ ಇದೆ" ಅನ್ನುವ ಮಾತನ್ನು ನಂಬಬೇಡಿ ಅನ್ನುವುದು ಇದಕ್ಕೇ.

ಲೆನ್ಸ್ ಅಲ್ಲಾಡುವುದೇ ಇಲ್ಲ: ಕಾಯಿಲ್ ಕಡಿದಿರಬಹುದು. ಪಿಕಪ್ಪನ್ನು ಬೋರ್ಡಿಗೆ ಸೇರಿಸುವ ಚಪ್ಪಟೆ ರಿಬ್ಬನ್ ಕೇಬಲ್ ಸರಿಯಾಗಿ ಕೂತಿಲ್ಲದೆಯೂ ಇರಬಹುದು.

ಲೆನ್ಸ್ ಒಂದು ತುದಿಗೆ ಹೋಗಿ ಅಂಟಿಕೊಂಡಿತು: ತಕ್ಷಣ ಪ್ಲಗ್ ಕೀಳಿ. ಬಟನ್ ಹುಡುಕುತ್ತಾ ಕೂರಬೇಡಿ.

ಕಾಯಿಲ್ ಸುಟ್ಟ ಕೇಸು

ನನ್ನ ಪಿಕಪ್ ಸತ್ತಿದ್ದು ಹೀಗೇ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಫೋಕಸ್ ಕಾಯಿಲ್‌ಗೆ ಬರಬೇಕಾದದ್ದು ಅತ್ತಿಂದಿತ್ತ ಆಡುವ ಸಣ್ಣ ಕರೆಂಟ್. ಡ್ರೈವರ್ ಐಸಿಯ ಒಳಗೆ ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆದರೆ, ಅಥವಾ ಅದಕ್ಕೆ ಬರುವ ಆದೇಶ ಕೆಟ್ಟರೆ, ಒಂದೇ ದಿಕ್ಕಿನ ಕರೆಂಟ್ ನಿಂತುಬಿಡುತ್ತದೆ. 5 ಓಮ್ ಕಾಯಿಲ್ ಮೇಲೆ 4 ವೋಲ್ಟ್ ನಿಂತಿತು ಅಂದುಕೊಳ್ಳಿ. 0.8 ಆಂಪಿಯರ್ ಹರಿಯುತ್ತದೆ, 3.2 ವ್ಯಾಟ್ ಶಾಖ. ಅಕ್ಕಿ ಕಾಳಿನಷ್ಟು ಜಾಗದಲ್ಲಿ ಅಷ್ಟು ಶಾಖ ಹುಟ್ಟಿದರೆ ತಾಮ್ರದ ಮೇಲಿನ ವಾರ್ನಿಷ್ ಕರಗುತ್ತದೆ, ಲೆನ್ಸ್ ಹಿಡಿದ ಪ್ಲಾಸ್ಟಿಕ್ಕೂ ಸೊಟ್ಟಗಾಗುತ್ತದೆ.

2004ರಲ್ಲಿ ಬಂದ ಮೊದಲ ಸ್ಲಿಮ್ ಪ್ಲೇಸ್ಟೇಷನ್ 2 ಈ ಕಾಯಿಲೆಗೆ ಹೆಸರುವಾಸಿ. ಅದರ ಬೋರ್ಡಿನ ಮೇಲೆ ಬಿಎ5815ಎಫ್‌ಎಂ ಅನ್ನುವ ಡ್ರೈವರ್ ಐಸಿ ಇದೆ. ಮಾಡ್‌ಚಿಪ್ ಹಾಕಿದ ಕನ್ಸೋಲ್‌ಗಳಲ್ಲಿ ಕಾಯಿಲ್ ಸುಡುವ ದೂರು ಎಷ್ಟು ಬಂತೆಂದರೆ, ಅದನ್ನು ತಡೆಯಲೆಂದೇ ಹವ್ಯಾಸಿಗಳು ಒಂದು ಪುಟ್ಟ ಸರ್ಕ್ಯೂಟ್ ಮಾಡಿಕೊಂಡರು. ರೋಮಿಯೋ ಮಾಡ್ ಅಂತ ಅದರ ಹೆಸರು. ಹೆಸರು ಕೇಳಿ ನಗು ಬಂದರೂ ಉದ್ದೇಶ ಗಂಭೀರವಾದದ್ದೇ: ಡ್ರೈವರ್ ಐಸಿ ಹಾದಿ ತಪ್ಪಿದಾಗ ಕಾಯಿಲ್‌ಗೆ ಕರೆಂಟ್ ಹೋಗದಂತೆ ತಡೆಯುವುದು.

ಪತ್ತೆ ಮಾಡುವ ಕ್ರಮ ಹೀಗಿದೆ. ಪಿಕಪ್ಪನ್ನು ಬಿಚ್ಚಿ ಪಕ್ಕಕ್ಕಿಡಿ. ಭೂತಗನ್ನಡಿಯಲ್ಲಿ ಕಾಯಿಲ್ ನೋಡಿ. ಕಿತ್ತಳೆ ಮಿಶ್ರಿತ ಹೊಳಪಿರಬೇಕಾದ ತಾಮ್ರ ಕಪ್ಪಾಗಿದ್ದರೆ ಬೇರೆ ಸಾಕ್ಷಿ ಬೇಡ. ಅನುಮಾನ ಇದ್ದರೆ ಮಲ್ಟಿಮೀಟರ್ ತೆಗೆಯಿರಿ. ಲೆನ್ಸನ್ನು ಗಾಳಿಯಲ್ಲಿ ಹಿಡಿದಿರುವ ತೆಳು ತಂತಿಗಳು ಕಾಣುತ್ತವಲ್ಲ, ಕಾಯಿಲ್‌ಗೆ ಕರೆಂಟ್ ಹೋಗುವುದೂ ಅವುಗಳ ಮೂಲಕವೇ. ಅವುಗಳ ಬುಡದ ಬೆಸುಗೆಯ ಮೇಲೆ ಮೀಟರ್ ಕಡ್ಡಿ ಇಟ್ಟು ಓಮ್ ನೋಡಿ. ಕೆಲವು ಓಮ್ ಬಂದರೆ ಸರಿ. ಏನೂ ಬರದಿದ್ದರೆ ಕಡಿದಿದೆ. ಸೊನ್ನೆಗೆ ತೀರಾ ಹತ್ತಿರ ಬಂದರೆ ಒಳಗೇ ಕರಗಿ ಅಂಟಿಕೊಂಡಿದೆ. ಇದೇ ಮೀಟರನ್ನು ಲೇಸರ್ ಡಯೋಡಿನ ಕಾಲುಗಳಿಗೆ ಮಾತ್ರ ತಾಗಿಸಬೇಡಿ. ಮೀಟರಿನ ಬ್ಯಾಟರಿ ಕರೆಂಟೇ ಅದನ್ನು ಕೆಡಿಸಬಹುದು. ಪರೀಕ್ಷೆ ಮಾಡಲು ಹೋಗಿ ಕೊಂದ ಹಾಗಾಗುತ್ತದೆ.

ಕಾಯಿಲ್ ಸುಟ್ಟಿದ್ದು ಖಚಿತವಾದರೆ ಮುಂದಿನ ಹೆಜ್ಜೆ ಬೋರ್ಡ್. ಪಿಕಪ್ ಇಲ್ಲದೆಯೇ ಪರೀಕ್ಷಿಸಿ. ಈ ಐಸಿಗಳು ಕಾಯಿಲಿನ ಎರಡು ತುದಿಯನ್ನೂ ತಾವೇ ಹಿಡಿದಿರುತ್ತವೆ. ಒಂದೂ ನೆಲಕ್ಕೆ, ಅಂದರೆ ಗ್ರೌಂಡ್‌ಗೆ ಸೇರಿರುವುದಿಲ್ಲ. ಕೆಲಸ ಇಲ್ಲದಾಗ ಎರಡೂ ತುದಿ ಸರಿಸುಮಾರು ಒಂದೇ ಮಟ್ಟದಲ್ಲಿರುತ್ತವೆ, ಆದ್ದರಿಂದ ಅವುಗಳ ನಡುವೆ ಅಳೆದರೆ ಸೊನ್ನೆಯ ಆಸುಪಾಸು ಬರಬೇಕು. ಪವರ್ ಇಲ್ಲದಾಗಲೇ ಫೋಕಸ್‌ನ ಎರಡು ತುದಿಗೆ ತೆಳು ತಂತಿ ಬೆಸೆದು, ಅವನ್ನು ಮೀಟರಿಗೆ ಸಿಕ್ಕಿಸಿ, ಆಮೇಲೆ ಪವರ್ ಕೊಡಿ. ಪವರ್ ಇರುವಾಗ ಚೂಪು ಕಡ್ಡಿಯಿಂದ ಐಸಿಯ ಕಾಲು ಹುಡುಕಬೇಡಿ. ಕಡ್ಡಿ ಜಾರಿದರೆ ಚೆನ್ನಾಗಿದ್ದ ಐಸಿಯೂ ಹೋಗುತ್ತದೆ. ಎರಡು ತುದಿಯ ನಡುವೆ ಒಂದೆರಡು ವೋಲ್ಟ್ ಬಂದು ಅಲ್ಲೇ ನಿಂತರೆ ಕೊಲೆಗಾರ ಸಿಕ್ಕ. ಐಸಿ ಬದಲಾಗಬೇಕು. ಟ್ರ್ಯಾಕಿಂಗ್‌ಗೂ ಇದೇ ಪರೀಕ್ಷೆ.

ಮಾಡ್‌ಚಿಪ್ ಇದ್ದರೆ ಅದರ ತಂತಿಗಳನ್ನು ಒಂದೊಂದಾಗಿ ನೋಡಿ. ಉದ್ದ ತಂತಿ, ಸಡಿಲ ಬೆಸುಗೆ, ಎರಡು ಕಾಲಿನ ನಡುವೆ ಹರಡಿದ ಸೋಲ್ಡರ್ ಇವೆಲ್ಲ ಅನುಮಾನದ ಪಟ್ಟಿಯಲ್ಲಿವೆ. ನಾನಂತೂ ತೆಗೆದುಬಿಡುತ್ತೇನೆ.

ಐಸಿ ಸರಿ ಮಾಡಿದ ಮೇಲೂ ಭಯ ಇದ್ದರೆ ಕಾಯಿಲ್ ತಂತಿಗೆ ಸರಣಿಯಲ್ಲಿ ಪುಟ್ಟ ಫ್ಯೂಸ್ ಹಾಕಬಹುದು. ಒಂದು ಎಚ್ಚರ: ಕಾಯಿಲಿನ ರೋಧವೇ ಕೆಲವು ಓಮ್ ಇರುವಾಗ ಫ್ಯೂಸಿನ ರೋಧ ಅದರ ಮುಂದೆ ತೀರಾ ಕಡಿಮೆ ಇರಬೇಕು. ಇಲ್ಲದಿದ್ದರೆ ಲೆನ್ಸಿಗೆ ತಲುಪುವ ಬಲ ಕಡಿಮೆಯಾಗಿ ಡಿಸ್ಕ್ ಓದುವುದು ತಡವರಿಸುತ್ತದೆ. ಆಗ ಮತ್ತೆ ಲೇಸರಿಗೆ ಬೈಯುತ್ತಾ ಕೂರುತ್ತೀರಿ.

ಡಯೋಡ್ ಸತ್ತ ಕೇಸು

ಬಾಗಿಲ ಹಿಡಿ ಮುಟ್ಟಿದಾಗ ಚಟ್ ಅಂತ ಹೊಡೆಯುತ್ತದಲ್ಲ, ಅದು ನಮಗೆ ಗೊತ್ತಾಗಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಸ್ಟ್ಯಾಟಿಕ್ ಇರಬೇಕು. ಲೇಸರ್ ಡಯೋಡ್ ಹಾಳಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅಂದರೆ ನಿಮಗೆ ಗೊತ್ತೇ ಆಗದೆ ಅದನ್ನು ಕೊಲ್ಲಬಹುದು. ಒಣ ಹವೆಯಲ್ಲಿ, ಕಾರ್ಪೆಟ್ ಮೇಲೆ, ಉಣ್ಣೆ ಅಥವಾ ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡು ಮಾಡುವ ಕೆಲಸದಲ್ಲಿ ಇದು ಇನ್ನೂ ಸುಲಭ. ಅಂಟುಟೇಪ್ ಕಿತ್ತರೂ ಸ್ಟ್ಯಾಟಿಕ್ ಹುಟ್ಟುತ್ತದೆ. ಹಾಗಾಗಿ ಪಿಕಪ್ ಪಕ್ಕದಲ್ಲಿ ಟೇಪ್ ಕೀಳುವ ಕೆಲಸ ಬೇಡ. ವ್ಯಾಕ್ಯೂಮ್ ಕ್ಲೀನರ್ ಕೊಳವೆಯನ್ನೂ ಹತ್ತಿರ ತರಬೇಡಿ.

ಡಯೋಡಿಗೆ ಹೋಗುವ ದಾರಿ ರಿಬ್ಬನ್ ಕೇಬಲ್. ಆದ್ದರಿಂದ ಪಿಕಪ್ಪನ್ನು ಅದರ ದೇಹದ ಅಂಚಿನಿಂದ ಹಿಡಿಯಿರಿ, ಕೇಬಲಿನ ಹೊಳೆಯುವ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ. ಕೈಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಇರಲಿ. ಅದರ ತಂತಿಯಲ್ಲಿ 1 ಮೆಗಾ ಓಮ್ ರೆಸಿಸ್ಟರ್ ಇರುತ್ತದೆ. ಬರೀ ತಂತಿ ಕಟ್ಟಿಕೊಂಡರೆ ಸಾಲದಾ ಅಂತ ಕೇಳುವವರಿಗೆ: ಆ ರೆಸಿಸ್ಟರ್ ಇರುವುದು ನಿಮ್ಮ ಜೀವ ಉಳಿಸಲು, ಲೇಸರಿನದ್ದಲ್ಲ.

ಸೋಲ್ಡರಿಂಗ್ ಐರನ್ ಬಗ್ಗೆ ಯಾರೂ ಅಷ್ಟು ಯೋಚಿಸುವುದಿಲ್ಲ. ಅರ್ಥಿಂಗ್ ಇಲ್ಲದ ಐರನ್ನಿನ ತುದಿಯಲ್ಲಿ ಸೋರುವ ಕರೆಂಟ್ ಇರಬಹುದು. ಮೂರು ಪಿನ್ನಿನ, ಅರ್ಥಿಂಗ್ ಸರಿ ಇರುವ ಐರನ್ ಇಲ್ಲದಿದ್ದರೆ, ಬಿಸಿ ಮಾಡಿಕೊಂಡು, ಪ್ಲಗ್ ಕಿತ್ತು, ಆ ಬಿಸಿಯಲ್ಲೇ ಕೆಲಸ ಮುಗಿಸಿ. ಒಂದು ಬೊಟ್ಟು ತೆಗೆಯಲು ಆ ಶಾಖ ಧಾರಾಳ.

ಯಾವ ಬೊಟ್ಟು ಅಂದರೆ, ಬಹಳಷ್ಟು ಹೊಸ ಪಿಕಪ್‌ಗಳಲ್ಲಿ ಡಯೋಡಿನ ಎರಡು ಕಾಲನ್ನು ಸೇರಿಸಿ ಒಂದು ತೊಟ್ಟು ಸೋಲ್ಡರ್ ಹಾಕಿರುತ್ತಾರೆ. ಸಾಗಣೆಯಲ್ಲಿ ಸ್ಟ್ಯಾಟಿಕ್ ಬಡಿದರೂ ಡಯೋಡ್ ಮೂಲಕ ಹೋಗದಿರಲಿ ಅಂತ. ಪಿಕಪ್ಪಿನ ಪುಟ್ಟ ಬೋರ್ಡಿನ ಮೇಲೆ, ಅಕ್ಕಪಕ್ಕದ ಎರಡು ಚುಕ್ಕೆ ಸೇರಿ ಉಬ್ಬಿದಂತೆ ಕಾಣುತ್ತದೆ. ಇದನ್ನು ತೆಗೆಯದೆ ಆನ್ ಮಾಡಿದರೆ ಬೆಳಕು ಬರುವುದಿಲ್ಲ. ಎಷ್ಟೋ ಜನ ಹೊಸ ಪಿಕಪ್ಪೇ ಕೆಟ್ಟದ್ದು ಅಂತ ವಾಪಸ್ ಕಳಿಸುವುದು ಈ ಕಾರಣಕ್ಕೆ. ಇನ್ನು ಕೆಲವರು ಚೀಲದಿಂದ ತೆಗೆದ ಕೂಡಲೇ ಬೊಟ್ಟು ತೆಗೆದುಬಿಡುತ್ತಾರೆ. ಅದು ಇನ್ನೂ ದೊಡ್ಡ ತಪ್ಪು. ಮೊದಲು ಕೇಬಲ್ ಬೋರ್ಡಿಗೆ ಸೇರಲಿ, ಆಮೇಲೆ ಬೊಟ್ಟು ಹೋಗಲಿ. ಬಿಚ್ಚುವಾಗ ಇದರ ತಿರುವುಮುರುವು: ಒಳ್ಳೆಯ ಪಿಕಪ್ಪನ್ನು ತೆಗೆದಿಡಬೇಕಾದರೆ ಮೊದಲು ಬೊಟ್ಟು ಹಾಕಿ, ಆಮೇಲೆ ಕೇಬಲ್ ಕೀಳಿ. "ಹೊಸದು" ಅಂತ ಬಂದ ಪಿಕಪ್ಪಿನಲ್ಲಿ ಬೊಟ್ಟು ಹಾಕಿ ತೆಗೆದ ಗುರುತಿದ್ದರೆ, ಅದು ಈಗಾಗಲೇ ಇನ್ಯಾವುದೋ ಕನ್ಸೋಲ್ ನೋಡಿ ಬಂದಿದೆ ಅಂತಲೇ ನನ್ನ ಲೆಕ್ಕ.

ಕೂರಿಸುವ ದಿನ

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಸ್ವಲ್ಪ ಕಾಯಿರಿ. ಪವರ್ ಸಪ್ಲೈ ಒಳಗೇ ಇರುವ ಕನ್ಸೋಲ್ ಆದರೆ ಅದರ ದೊಡ್ಡ ಕೆಪಾಸಿಟರ್ ಕಡೆ ಕೈ ಹಾಕಬೇಡಿ. 230 ವೋಲ್ಟ್ ಎಸಿಯಲ್ಲಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ.

ರಿಬ್ಬನ್ ಕೇಬಲನ್ನು ಪವರ್ ಇರುವಾಗ ಹಾಕುವುದು, ಕೀಳುವುದು ಖಂಡಿತ ಬೇಡ. ಓರೆಯಾಗಿ ಕೂತರೆ ಒಂದು ಪಿನ್ನಿನ ಕರೆಂಟ್ ಪಕ್ಕದ ಪಿನ್ನಿಗೆ ಹೋಗುತ್ತದೆ. ಅರ್ಧ ಕೂತರೆ ಮೇಲೆ ಹೇಳಿದ ಆ ವರದಿಯ ತಂತಿ ತಪ್ಪಿಹೋಗಬಹುದು. ಕೇಬಲ್ ತುದಿಯ ಗೆರೆ ಕನೆಕ್ಟರಿಗೆ ಸಮಾಂತರವಾಗಿದೆಯಾ ಅಂತ ನೋಡಿ ಬೀಗ ಒತ್ತಿ. ಪಿಕಪ್ಪನ್ನು ಕೈಯಿಂದ ಒಳತುದಿಯಿಂದ ಹೊರತುದಿಗೆ ಮೆಲ್ಲಗೆ ಸರಿಸಿ, ಕೇಬಲ್ ಎಲ್ಲೂ ಮೇಲೆದ್ದು ಡಿಸ್ಕಿಗೆ ಉಜ್ಜುವುದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಉಜ್ಜಿ ಉಜ್ಜಿ ಹೊದಿಕೆ ಹೋದ ಕೇಬಲ್ ಮುಂದೊಂದು ದಿನ ಶಾರ್ಟ್ ಆಗುತ್ತದೆ.

ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3 ಮತ್ತು 4ರಲ್ಲಿ ಡ್ರೈವಿನ ಬೋರ್ಡ್ ಆ ಕನ್ಸೋಲಿನ ಮದರ್‌ಬೋರ್ಡ್‌ಗೆ ಮಾತ್ರ ಜೋಡಿ. ಪೂರ್ತಿ ಡ್ರೈವ್ ಬದಲಾಯಿಸಿದರೆ ಗೇಮ್ ಓಡುವುದಿಲ್ಲ. ಬೋರ್ಡ್ ಹಳೆಯದೇ ಇರಲಿ, ಪಿಕಪ್ ಮಾತ್ರ ಬದಲಾಗಲಿ.

ಪಿಕಪ್ ಮೇಲಿನ ಪುಟ್ಟ ತಿರುಪು, ಅಂದರೆ ಪಾಟ್, ಸುಮ್ನೆ ತಿರುಗಿಸಬೇಡಿ. ಅದು ಡಯೋಡಿನ ಕರೆಂಟ್ ನಿರ್ಧರಿಸುತ್ತದೆ. ಹೆಚ್ಚಿಸಿದರೆ ಸೊರಗಿದ ಲೇಸರ್ ಕೆಲವು ದಿನ ಚುರುಕಾಗುವುದು ನಿಜ. ಹಾಗೆಯೇ ಬೇಗ ಸಾಯುವುದೂ ನಿಜ. ಹೊಸ ಪಿಕಪ್ಪಿನಲ್ಲಂತೂ ಮುಟ್ಟುವ ಕಾರಣವೇ ಇಲ್ಲ.

ಇನ್ನು ಆನ್ ಮಾಡುವುದು. ಇಲ್ಲಿ ನಾನು ಒಂದು ಉಪಾಯ ಮಾಡುತ್ತೇನೆ. ಡಯೋಡ್ ಸತ್ತು ಕಾಯಿಲ್ ಚೆನ್ನಾಗಿರುವ ಹಳೆಯ ಪಿಕಪ್‌ಗಳನ್ನು ಈಗ ಎಸೆಯುವುದಿಲ್ಲ, ಕನ್ಸೋಲ್ ಮಾದರಿಯ ಹೆಸರು ಬರೆದು ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ರಿಪೇರಿಯಾದ ಬೋರ್ಡಿಗೆ ಮೊದಲು ಅದೇ ಮಾದರಿಯ ಸತ್ತ ಪಿಕಪ್ಪನ್ನು ಜೋಡಿಸುತ್ತೇನೆ. ಒಂದು ಕೈ ಪ್ಲಗ್ ಮೇಲೆ. ಲೆನ್ಸ್ ಎರಡು ಮೂರು ಸಲ ಉಸಿರಾಡಿ ಕೆಳಗಿಳಿದು ನಿಂತರೆ, ಆಫ್ ಮಾಡಿ ಆನ್ ಮಾಡಿ ಇನ್ನೆರಡು ಸಲ ನೋಡುತ್ತೇನೆ. ಕಾಯಿಲ್ ಬಿಸಿಯಾಗಿಲ್ಲ, ವಾಸನೆ ಇಲ್ಲ ಅಂದರೆ ಮಾತ್ರ ಹೊಸದರ ಚೀಲ ಬಿಚ್ಚುವುದು. ಕಳೆದ ಸಲ ಹೀಗೆ ನೋಡುವಾಗ ಲೆನ್ಸ್ ಮತ್ತೆ ಮೇಲೇ ನಿಂತುಬಿಟ್ಟಿತು. ಐಸಿಯ ಒಂದು ಕಾಲಿಗೆ ನಾನೇ ಸರಿಯಾಗಿ ಬೆಸುಗೆ ಹಾಕಿರಲಿಲ್ಲ. ಸುಟ್ಟಿದ್ದು ಡಬ್ಬಿಯ ಪಿಕಪ್, ಹೊಸದು ಚೀಲದಲ್ಲೇ ಇತ್ತು.